ಭಾವನ ರೇಡಿಯೊದ ಗಂಟಲು

ಮಾರ್ಚ್ 4, ಬೆಳಿಗ್ಗೆ

ಇವತ್ತೂ ಅದೇ ಗೋಳು. ದನಿ ಏರಿಸುವ ಔಟ್‌ಪುಟ್ ವಾಲ್ವ್ ಬದಲಾಯಿಸಿದೆ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ರೇಡಿಯೊ ಪಿಸುಗುಡುತ್ತದೆ, ಅಷ್ಟೇ. ಸ್ಟೇಷನ್ ಸ್ಪಷ್ಟ, ಕರಕರ ಇಲ್ಲ. ಜೋರು ಮಾತ್ರ ಇಲ್ಲ. ಭಾವನ ಸೆಟ್ಟು ಅಂತ ಗೊತ್ತಿದ್ದೂ ರಿಪೇರಿಗೆ ಒಪ್ಪಿಕೊಂಡೆನಲ್ಲ, ನನಗೆ ಬುದ್ಧಿ ಇಲ್ಲ. ಅಕ್ಕ ಅವತ್ತೇ, "ಹಳೇದು ಕಣೋ, ಹಾಗೇ ಇರ್ಲಿ ಬಿಡು" ಅಂದಿದ್ದಳು.

ಸಂಜೆ

ಭಾವನ ಫೋನ್. "ಏನಪ್ಪಾ ಎಂಜಿನಿಯರೇ, ಆಯ್ತಾ? ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಅಷ್ಟು ವರ್ಷ ಏನ್ ಮಾಡ್ದೆ, ಬರೀ ಹಲೋ ಹಲೋ ಅಂತಿದ್ಯಾ?" ಮೈಯೆಲ್ಲ ಉರಿಯಿತು. ಈ ಮನುಷ್ಯನ ಎದುರು ಸೋತೆ ಅನ್ನುವ ಮಾತು ನನ್ನ ಬಾಯಿಂದ ಬರಬಾರದು. ಬರುವುದಿಲ್ಲ.

ಮಾರ್ಚ್ 6

ಹಳೇ ಕೆಪಾಸಿಟರ್‌ಗಳನ್ನೆಲ್ಲ ಕಿತ್ತು ಹೊಸದು ಹಾಕಿದೆ. ವಾಲ್ಯೂಮ್ ಕಂಟ್ರೋಲ್ ಬಿಚ್ಚಿ ಒರೆಸಿದೆ. ಮೀಟರ್ ಹಿಡಿದಲ್ಲೆಲ್ಲ ವೋಲ್ಟೇಜ್ ಸರಿ. ಹೆಬ್ಬೆರಳು ಸುಟ್ಟು ಬೊಬ್ಬೆ ಎದ್ದಿದೆ. ಎಲ್ಲ ಸರಿ, ಆದರೂ ದನಿ ಇಲ್ಲ... ದರಿದ್ರದ್ದು!

ಹೆಂಡತಿ ಇಣುಕಿ, "ಊಟಕ್ಕೆ ಬರ್ತೀರೋ, ಆ ಡಬ್ಬಿ ಜೊತೇನೇ ಸಂಸಾರ ಮಾಡ್ತೀರೋ?" ಅಂದಳು. ಅವಳ ಮೇಲೂ ರೇಗಿದೆ.

ಮಾರ್ಚ್ 9

ಸಿಕ್ಕಿತು! ನನ್ನ ಸ್ಪೀಕರ್ ಜೋಡಿಸಿದೆ — ಕಿವಿ ಕಿತ್ತುಹೋಗುವಷ್ಟು ಜೋರು. ಅದರ ಸ್ಪೀಕರನ್ನು ಬೇರೆ ಸೆಟ್ಟಿಗೆ ಹಾಕಿದೆ — ಅದೂ ಜೋರು. ಉಳಿದದ್ದು ನಡುವಿನ ವೈರ್. ಅದರ ಕಪ್ಪು ಕೊಳವೆ ಸರಿಸಿದರೆ ಒಳಗೊಂದು ರೆಸಿಸ್ಟರ್! ಬೆಸುಗೆ ಇನ್ನೂ ಹೊಸದು. ದನಿ ತಡೆಯಲೆಂದೇ ಯಾರೋ ಕೂರಿಸಿದ್ದಾರೆ. ಕಿತ್ತು ಬುಟ್ಟಿಗೆ ಎಸೆದು ವೈರ್ ನೇರ ಜೋಡಿಸಿದೆ. ಮನೆಯೇ ನಡುಗಿತು. ಖುಷಿಗೆ ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ಮೆಲ್ಲಗೆ, "ಅದನ್ನ ಹಾಕ್ಸಿದ್ದು ನಾನೇ ಕಣೋ. ಅವರು ಇಲ್ಲದಾಗ, ಟಿವಿ ರಿಪೇರಿಯವನ ಕೈಲಿ."

"ಅಲ್ಲ ಅಕ್ಕ, ಸಣ್ಣಗೆ ಇಡಿ ಅಂತ ಭಾವಂಗೇ ಹೇಳ್ಬೇಕಿತ್ತು."

"ಹೇಳ್ದೆ. ಕೇಳಿಸ್ಬೇಕಲ್ಲ! ಅವರು ರಿಟೈರ್ ಆದಾಗಿಂದ ಹಾಲ್‌ನಲ್ಲಿ ರೇಡಿಯೊ ಕಿರುಚೋದು, ಅಡುಗೆಮನೇಲಿ ನಾನು ಕಿರುಚೋದು. ಈಗ ನನ್ ಮಾತೂ ಒಂದೆರಡು ಅವರ ಕಿವಿಗೆ ಬೀಳತ್ತೆ. ಸರಿ ಹೋಗ್ಲಿಲ್ಲ ಅಂದ್ಬಿಡೋ. ನನ್ನಾಣೆ."

ಮಾರ್ಚ್ 10

ಬುಟ್ಟಿ ಕೆದಕಿ ರೆಸಿಸ್ಟರ್ ಹುಡುಕಿದೆ. ವಾಪಸ್ ಕೂರಿಸಿದೆ. ನನ್ನ ಕೈಯಾರೆ.

ಮಾರ್ಚ್ 12

ಕೊಟ್ಟು ಬಂದೆ. "ಆಗ್ಲಿಲ್ಲ ಭಾವ, ಸೆಟ್ಟಿಗೆ ವಯಸ್ಸಾಗಿದೆ" ಅಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಭಾವ ತೊಡೆ ತಟ್ಟಿಕೊಂಡು ನಕ್ಕರು. ಅಕ್ಕನೂ ನಕ್ಕಳು. ಅಕ್ಕನೂ!

ರೇಡಿಯೊ ಹಾಕಿದರು, ಸಣ್ಣಗೆ ಗುನುಗಿತು. ಅಕ್ಕ ಒಳಗಿನಿಂದ ಪಕ್ಕದ ಮನೆಯವರು ಮೆಟ್ಟಿಲು ಕಟ್ಟಿಸಿದ ಕಥೆ ತೆಗೆದಳು. ಭಾವ, "ಹಾಗಲ್ಲ ಕಣೇ" ಅಂತ ವಾದಕ್ಕೆ ಇಳಿದರು. ಇಬ್ಬರಿಗೂ ನಾನಿದ್ದದ್ದೇ ಮರೆತುಹೋಯಿತು. ಸಂತೋಷವಾಯಿತು, ಸುಳ್ಳು ಯಾಕೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಹೊರಡುವಾಗ ಭಾವ ಬಾಗಿಲ ತನಕ ಬಂದು ಹೆಗಲ ಮೇಲೆ ಕೈಯಿಟ್ಟರು. "ಬೇಜಾರ್ ಮಾಡ್ಕೋಬೇಡಪ್ಪ, ಎಲ್ಲಾ ಕೆಲಸ ಎಲ್ಲರಿಗೂ ಬರಲ್ಲ." ಸಮಾಧಾನ! ನನಗೆ! ಅವರ ಬೆನ್ನ ಹಿಂದೆ ಅಕ್ಕ, ಹೇಳ್ಬೇಡ ಹೇಳ್ಬೇಡ ಅಂತ ಕಣ್ಣಲ್ಲೇ ಸನ್ನೆ ಮಾಡಿದಳು. ತುಟಿ ಕಚ್ಚಿಕೊಂಡು ಮೆಟ್ಟಿಲಿಳಿದೆ. ಇನ್ನೊಂದು ನಿಮಿಷ ಅಲ್ಲಿ ನಿಂತಿದ್ದರೆ ರೆಸಿಸ್ಟರ್ ವಿಷಯ ಬಾಯಿಬಿಟ್ಟೇ ಬಿಡುತ್ತಿದ್ದೆ.