ಫ್ರಿಜ್ಜಿನಲ್ಲಿರುವ ಬೆರ್ನಾರ್

ಎಮ್ಲಿನ್,

ಫ್ರಿಜ್ಜಿನೊಳಗೆ ಕೆಳಗಿರುವ ಡಬ್ಬಿಗೆ ಕೈ ಹಾಕಬೇಡ. ಅದರಲ್ಲಿರುವುದು ಕೇಕ್ ಅಲ್ಲ, ಆಮೆ. ಸತ್ತಿಲ್ಲವಂತೆ, ತಣ್ಣಗಿದ್ದರೇನೇ ಅದಕ್ಕೆ ಚಳಿಗಾಲದ ನಿದ್ದೆಯಂತೆ, ಮುಗಿಯುವ ತನಕ ಅಲ್ಲೇ ಮಲಗಿರುತ್ತದಂತೆ. ಹೆಸರು ಬೆರ್ನಾರ್. ನನಗೂ ತಲೆಬುಡ ಅರ್ಥವಾಗಿಲ್ಲ, ನನ್ನನ್ನು ಕೇಳಬೇಡ.

ನಮ್ಮ ಬಾಡಿಗೆ ಕೋಣೆಯ ಫ್ರೆಂಚ್ ಹುಡುಗಿ ಸೊಲೆನ್ ಊರಿಂದ ತಂದದ್ದು; ಬಂದ ದಿನವೇ ನಿನಗೆ ಫ್ರೆಂಚಿನಲ್ಲಿ ಎಲ್ಲಾ ಹೇಳಿದ್ದಳಂತೆ. "ಅಂಕಲ್ ಆಯ್ತು, ಆಯ್ತು ಅಂದ್ರು" ಅನ್ನುತ್ತಾಳೆ. ನಿನ್ನ ಫ್ರೆಂಚಿನ ಬಂಡವಾಳ ಗೊತ್ತಾಯಿತು ಬಿಡು.

ಆಮೆಗೆ ಗಾಳಿಯಾಡಲಿ ಅಂತ ದಿನಾ ಫ್ರಿಜ್ ತೆಗೆದು ನಿಲ್ಲುತ್ತಿದ್ದಳು. ನಾನು ಹಸಿವು ಅಂದುಕೊಂಡು ಪ್ರತಿ ಸಲವೂ ಚೀಸ್ ಟೋಸ್ಟ್ ಮಾಡಿ ಕೊಟ್ಟೆ. ಪಾಪ, ಮೂರು ವಾರದಿಂದ ದಾಕ್ಷಿಣ್ಯಕ್ಕೆ ತಿಂದಿದ್ದಾಳೆ!

ಇವತ್ತು ಅವಳು ಕಾಲೇಜಿನಿಂದ ಬರುವುದು ತಡ. ನಾನು ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೊರಟೆ. ನಾಲ್ಕು ಗಂಟೆಗೆ ಒಂದು ನಿಮಿಷ ಫ್ರಿಜ್ ತೆಗೆದಿಡು. ಸುಮ್ಮನೆ ನಿಲ್ಲಬೇಡ, ಎರಡು ಮಾತಾಡಬೇಕಂತೆ. "ಅದಕ್ಕೆ ಕೇಳಿಸುತ್ತಾ?" ಅಂದೆ. "ಗೊತ್ತಿಲ್ಲ ಆಂಟಿ. ಈ ಸ್ವಾನ್ಸಿಯಲ್ಲಿ ನಮ್ಮೂರಿನವನು ಅಂತ ಇರೋದು ಅವನೊಬ್ಬನೇ" ಅಂದಳು.

ನಿನ್ನ ಹರಕುಮುರುಕು ಫ್ರೆಂಚೇ ಸಾಕು. ಅವಳು ಬಂದ ಮೇಲೆ ಅವಳ ಹತ್ತಿರವೂ ಎರಡು ಮಾತಾಡು.

ಗ್ಲೆನಿಸ್