ಅವ್ವನ ಗಾಡಿಗೆ ನಡುವಿನ ಎಂಜಿನ್

ಓಝರ್, ನಾಸಿಕ್
೧೨ ಫೆಬ್ರವರಿ ೨೦೧೨

ಅವ್ವಾ,

ನಿನ್ನ ವೈಷ್ಣವಿಯ ಶರಣು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ನಿನ್ನ ಗಾಡಿ ಸಿದ್ಧವಾಗಿದೆ. ವಾಳೂಜ್‌ನ ಕಾರ್ಖಾನೆಗಳಿಗೆ ರೊಟ್ಟಿ ಡಬ್ಬಿಗಳನ್ನು ಇನ್ನು ಆಟೋದಲ್ಲಿ ಒಯ್ಯಬೇಕಾಗಿಲ್ಲ.

ಯಾವ ಎಂಜಿನ್ ಹಾಕಿದಿ ಎಂದು ಕೇಳಿದ್ದೆಯಲ್ಲ? ಮಳೆಗಾಲದಲ್ಲಿ ಕೆಟ್ಟುಹೋದದ್ದು ಹಳೇ ತಲೆಮಾರಿನದು. ಏರಿನಲ್ಲಿ ದಮ್ಮು ಕಟ್ಟುತ್ತಿತ್ತು, ಹೊಗೆಯೋ ಹೊಗೆ. ಆದರೆ ನಟ್ಟು ಬಿಚ್ಚಲು ಒಂದು ಪಾನಾ ಇದ್ದರೆ ದಾರಿಯಲ್ಲೇ ರಿಪೇರಿ. ಈಗ ಬರುವ, ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ಎಂಜಿನ್ನಿಗೆ ಸದ್ದು ಕಡಿಮೆ, ಡೀಸೆಲ್ ಖರ್ಚೂ ಕಡಿಮೆ. ನನಗೆ ಅದೇ ಬೇಕಿತ್ತು. ನಾನು ಭಾನುವಾರ ಕೆಲಸ ಕಲಿಯುವ ಗ್ಯಾರೇಜಿನ ನರಹರಿ ಕಾಕಾ ನಕ್ಕುಬಿಟ್ಟರು: "ಡೀಸೆಲ್‌ನ್ಯಾಗ ಒಂಚೂರು ನೀರು ಬಂದ್ರ ಅದು ಮುನಿಸ್ಕೋತದವ್ವಾ. ಹಸಿದ ಮಂದಿ ಊಟಕ್ಕ ಕಾಯ್ತಿರ್ತಾರ, ನಿಮ್ಮವ್ವ ರಸ್ತೆದಾಗ ನಿಂತು ಕಂಪ್ಯೂಟರ್‌ನವ್ನ ಹುಡುಕಬೇಕೇನು?"

ಕೊನೆಗೆ ಇವೆರಡರ ನಡುವಿನ ತಲೆಮಾರಿನದನ್ನು ಆರಿಸಿದೆವು. ಏರಿನಲ್ಲಿ ಬಲ ಕೊಡುವ ಟರ್ಬೊ ಇದೆ, ಡೀಸೆಲ್ ಪಂಪು ಮಾತ್ರ ಹಳೇ ರೀತಿಯದು, ಕಂಪ್ಯೂಟರ್ ಇಲ್ಲ. ಅದು ನಮ್ಮ ಗಾಡಿಯಲ್ಲಿ ಸಲೀಸಾಗಿ ಕೂರಲಿಲ್ಲ. ಬ್ರ್ಯಾಕೆಟ್ಟುಗಳನ್ನು ಎರಡು ಸಲ ಕತ್ತರಿಸಿ ಬೆಸೆದೆ. ಎಂಟು ಮೂಟೆ ಉಳ್ಳಾಗಡ್ಡಿ ಹೇರಿಕೊಂಡು ಸಪ್ತಶೃಂಗಿ ಗಡದ ಬೆಟ್ಟ ಹತ್ತಿದಾಗ ಗಾಡಿ ಮೂರನೇ ಗೇರಿನಲ್ಲೇ ಏರಿತು. ನನಗೆ ಕುಣಿಯಬೇಕೆನಿಸಿತು.

ಆದರೆ ಅವ್ವಾ, ಅದು ನಿನ್ನೆ ಮೊನ್ನೆಯ ಮಾತಲ್ಲ. ಗಾಡಿ ದೀಪಾವಳಿಗೇ ಸಿದ್ಧವಾಗಿತ್ತು. ಗ್ಯಾಸ್ಕೆಟ್ ಸಿಕ್ಕಿಲ್ಲ, ಪಂಪು ಪುಣೆಯಿಂದ ಬಂದಿಲ್ಲ ಎಂದದ್ದೆಲ್ಲ ಸುಳ್ಳು. ಗಾಡಿ ಕೆಡುವ ಮೊದಲೇ ನಿನ್ನ ಜೊತೆ ರೊಟ್ಟಿ ಬಡಿಯುವ ಸಕ್ರವ್ವ ಮೌಶಿ ಅಳುತ್ತಾ ಫೋನ್ ಮಾಡಿದ್ದಳು: "ಅಕ್ಕಗ ಎದುರಿನ ಬಸ್ಸು ಕಾಣಲಿಲ್ಲ. ನಾ ಕೂಗಿದ ಮ್ಯಾಲೆ ಬ್ರೇಕ್ ಹಾಕಿದ್ಲು." ನಾನು ಕೇಳಿದರೆ ನೀನು "ನನ್ನ ಕಣ್ಣು ನೆಟ್ಟಗದಾವ" ಎಂದು ಫೋನಿಟ್ಟೆ. ಓಡಿಸಬೇಡ ಎಂದರೆ ಕೇಳುವವಳಲ್ಲ ನೀನು. ಅದಕ್ಕೇ ಗಾಡಿಯನ್ನು ಇಲ್ಲೇ ಉಳಿಸಿಕೊಂಡೆ. ಪ್ರತಿಸಲ ನೀನು "ಆಗಲಿ ಬಿಡು, ಪಾಪ ನೀ ಒಬ್ಬಾಕಿ ಎಷ್ಟು ಮಾಡ್ತಿ" ಎಂದಾಗ ಬೇಗನೆ ಫೋನಿಟ್ಟುಬಿಡುತ್ತಿದ್ದೆ.

ಸಂಕ್ರಾಂತಿ ಮುಗಿದ ಮೇಲೆ ನೀನಾಗಿಯೇ ಕಣ್ಣಿನ ಪೊರೆ ತೆಗೆಸಿಕೊಂಡೆ. ನಿನ್ನೆ ಡಾಕ್ಟರು ಗಾಡಿ ಓಡಿಸಬಹುದು ಅಂದರಂತೆ. ಫೋನಿನಲ್ಲಿ ನೀನು ಎದುರು ಮನೆಯ ಬೋರ್ಡನ್ನು ಅಕ್ಷರ ಬಿಡದೆ ಓದಿ ಹೇಳಿದೆಯಲ್ಲ, ಆಗಲೇ ಈ ಕಾಗದ ಬರೆಯಬೇಕು ಅನ್ನಿಸಿತು.

ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿ. ಬರುವ ಭಾನುವಾರ ಬೆಳಗಿನ ಬಸ್ಸು ಹಿಡಿ. ಕೀಲಿ ನಿನ್ನ ಕೈಗೇ ಕೊಡುತ್ತೇನೆ.

ನಿನ್ನ ಬೈಗುಳಕ್ಕೆ ಕಾದಿರುವ ಮಗಳು,
ವೈಷ್ಣವಿ

ತಾ.ಕ.: ಇನ್ನೊಂದು ಸುಳ್ಳೂ ಉಳಿದಿದೆ. ಲೈಸೆನ್ಸ್ ಬಂತು ಎಂದಿದ್ದೆನಲ್ಲ, ಬಂದಿಲ್ಲ. ಎರಡು ಸಲ ಫೇಲಾದೆ. ಗಡ ಹತ್ತಿಸಿದ್ದು ಕಾಕಾ. ಪಕ್ಕದಲ್ಲಿ ಕುಳಿತ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಊರಿಗೆ ಹೋಗುವಾಗ ದಾರಿಯುದ್ದಕ್ಕೂ ನನಗೆ ಗಾಡಿ ಕಲಿಸುತ್ತೀಯಾ, ಅವ್ವಾ?