ಕೊಯ್ಯುವುದಕ್ಕೆ ಫೀಸು, ಬದುಕಿಸುವುದಕ್ಕೆ ಯಾರು?

ಕಲಬುರ್ಗಿ ದವಾಖಾನೆಗಳ ಮುಖ್ಯಸ್ಥರಾದ ನಾಜಿಮ್ ಸಾಹೇಬರೇ,

ನಿಮ್ಮ ದವಾಖಾನೆಯ ವರಾಂಡದಲ್ಲಿ ನನ್ನ ಅಕ್ಕ ಶೇವಂತಾ ಜ್ವರದಲ್ಲಿ ಬೇಯುತ್ತಿದ್ದಾಳೆ. ತೊಡೆಯ ಗಾಯದಲ್ಲಿ ಮತ್ತೆ ಕೀವು ತುಂಬಿದೆ; ಮುಂಗಡ ಫೀಸು ಬಾರದೆ ಯಾರೂ ಮುಟ್ಟುವುದಿಲ್ಲ. ಪತ್ರಿಕೆಗೂ ಇದನ್ನು ಕಳಿಸಿದ್ದೇನೆ, ಆದರೆ ಅಚ್ಚಾಗಲು ವಾರ ಬೇಕು. ಅಕ್ಕನಿಗೆ ಅಷ್ಟು ಟೈಮಿಲ್ಲ. ಅದಕ್ಕೇ ನಿಮ್ಮ ಕಚೇರಿಯ ಬಾಗಿಲಿಗೇ ಅಂಟಿಸುತ್ತಿದ್ದೇನೆ.

ತೊಡೆಯ ಕುರುವಿಗೆ ಇಲ್ಲಿ ಮಾಡಿದ ಮೊದಲ ಆಪರೇಷನ್ ಚೆನ್ನಾಗಿಯೇ ಆಯಿತು; ಡಾಕ್ಟರ ಕೈಯನ್ನು ನಾನು ದೂರುವುದಿಲ್ಲ. ದೂರುವುದು ನಿಮ್ಮ ಸಿಸ್ಟಮನ್ನು. ನಮ್ಮ ಕಮಲಾಪುರದಲ್ಲಿ ರೋಗಿ ವಾಸಿಯಾಗಿ ಮೊದಲ ಸಲ ಮೈತೊಳೆದ ದಿನವೇ ಹಕೀಮ್ ಲಾಲ್ ಅಹ್ಮದರಿಗೆ ರೊಕ್ಕ, ರುಮಾಲು ಕೊಡುವುದು ವಾಡಿಕೆ. ಅದಕ್ಕೆ ಮುಂಚೆ ನಾವು ಕೊಡುವುದಿಲ್ಲ, ಅವರು ಮುಟ್ಟುವುದಿಲ್ಲ. ಇಲ್ಲಿ ನಿಮ್ಮ ಜವಾನ ಬಂದು, "ಶನಿವಾರದೊಳಗ ಫೀಸು ಕಟ್ಟ್ರಿ ಯವ್ವಾ, ಇಲ್ಲಂದ್ರ ಖಾಟ್ ಖಾಲಿ ಮಾಡ್ರಿ" ಎಂದ. "ಮೈಮ್ಯಾಲ ನೀರು ಬೀಳೂ ಮುಂಚೆ ರೊಕ್ಕ ಕೊಟ್ರ ಕೂಸು ಕೈಗೆ ಹತ್ತಂಗಿಲ್ಲೋ" ಎಂದು ನನ್ನ ತಾಯಿ ಚಂದಮ್ಮ ಅತ್ತಳು. ಶನಿವಾರ ನಾನು ಸೊಲ್ಲಾಪುರದಲ್ಲಿ ಕ್ಲಾಸಿನಲ್ಲಿದ್ದಾಗ, ಹೊಲಿಗೆ ಬಿಚ್ಚದ ಅಕ್ಕನನ್ನು ದವಾಖಾನೆಯ ಬಾವಿಕಟ್ಟೆಗೆ ಕೂಡಿಸಿ ತಲೆಯಿಂದ ನೀರೆರೆದಳು. ಆಮೇಲೆ ಹೊಸ ರುಮಾಲಿನಲ್ಲಿ ಫೀಸು ಕಟ್ಟಿ ತಂದು, ಗುಮಾಸ್ತನಿಗೆ ಕೊಟ್ಟು ಕೈಮುಗಿದಳು. ಗಾಯದ ತೊಯ್ದ ಪಟ್ಟಿಯನ್ನು ಯಾರೂ ನೋಡಲಿಲ್ಲ. ಪಟ್ಟಿ ನೋಡುವುದಕ್ಕೆ ಫೀಸು ಇಲ್ಲವಲ್ಲ!

ಈಗ ಅದೇ ಗುಮಾಸ್ತ ಹೇಳುತ್ತಾನೆ: "ಆ ಹಿಸಾಬು ಮುಗದದ. ಇದು ಹೊಸಾ ಕೇಸು. ಮೊದಲ ಫೀಸು, ಆಮ್ಯಾಲ ಚಾಕು."

"ಹಜಾಮ ಸುದ್ದಾ ಅರ್ಧಾ ಗಡ್ಡಾ ಹೆರದು ರೊಕ್ಕ ಕೇಳಂಗಿಲ್ಲೋ ಯಪ್ಪಾ!" ಎಂದಳು ತಾಯಿ.

ಆತ ನಕ್ಕ. ನನ್ನ ಹಾಸ್ಟೆಲ್ ಫೀಸನ್ನೇ ಮೇಜಿನ ಮೇಲಿಟ್ಟೆ, ಸಾಲದೆಂದು ತಳ್ಳಿದ. "ಪ್ಲೀಸ್ ಸರ್" ಎಂದೆ. ಸೊಲ್ಲಾಪುರದ ಹಾಸ್ಟೆಲಿನಲ್ಲಿ ಇಷ್ಟು ವರ್ಷ ಕಲಿತ ಇಂಗ್ಲಿಷು ಅಲ್ಲಿಗೆ ಮುಗಿಯಿತು.

ಹಕೀಮರಿಗಿಂತ ಸೈನ್ಸ್ ದೊಡ್ಡದೆಂದು ಹಟ ಹಿಡಿದು ಅಕ್ಕನನ್ನು ಬಂಡಿಯಲ್ಲಿ ಇಲ್ಲಿಗೆ ತಂದವನು ನಾನು. ಈಗಲೂ ಹಾಗೆಯೇ ನಂಬಿದ್ದೇನೆ. ಆದರೆ ರೋಗಿ ಎದ್ದು ನಡೆದರೆ ಮಾತ್ರ ಹಕೀಮರಿಗೆ ಸಂಪಾದನೆ. ನಿಮ್ಮಲ್ಲಿ ಕೊಯ್ದರೆ ಸಾಕು. ಹಾಗಾದರೆ ಬದುಕಿಸುವ ಕೆಲಸಕ್ಕೆ ಸರ್ಕಾರ ಯಾರನ್ನು ನೇಮಿಸಿದೆ, ಸಾಹೇಬರೇ?

ಗಾಯ ಪೂರ್ತಿ ಮಾಯುವವರೆಗೆ ಒಂದೇ ಫೀಸು, ಅದೂ ವಾಸಿಯಾದ ಮೇಲೆ, ಎಂದು ಹುಕುಂ ಹೊರಡಿಸಿರಿ. ಅದಕ್ಕೆ ತಿಂಗಳುಗಳೇ ಬೇಕೆಂದು ಬಲ್ಲೆ. ಇವತ್ತಿಗೆ ಒಂದು ಚೀಟಿ ಸಾಕು: ಗಾಯ ತೆರೆಯಿರಿ. ಬಾಗಿಲಲ್ಲೇ ನಿಂತಿದ್ದೇನೆ. ನೀವು ಬರೆದರೆ ನಾನು ಓಡುತ್ತೇನೆ.

ಇಂತಿ,
ಕಮಲಾಪುರದ ಅಮೋಘಸಿದ್ದ,
ಇಂಟರ್ ಮೊದಲ ವರ್ಷ;
ಈ ಹೊತ್ತಿನವರೆಗೆ ಶೇವಂತಾಳ ತಮ್ಮ